‘ಇವತ್ತ ಯಾರು ಬಂದಿಲ್ಲ?’ ಚಿಕ್ಕವರ ತರಗತಿ ಕುರಿತು ನಿಮ್ಮ ಪ್ರಶ್ನೆಗಳು

ಅಂಗನವಾಡಿ, ಎಲ್‌ಕೆಜಿ–ಯುಕೆಜಿ, ನಲಿ-ಕಲಿ (ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಆಡುತ್ತ ಕಲಿಸುವ ಕ್ರಮ) ಕೊಠಡಿಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳವರು ಬರೆದಿದ್ದಾರೆ. ಪ್ರಶ್ನೆಗಳು ಬೇರೆ ಬೇರೆಯಾದರೂ ಚಿಂತೆ ಒಂದೇ: ಈ ಕೋಣೆ ‘ನಮ್ಮದು’ ಎಂದು ಮಗುವಿಗೆ ಅನ್ನಿಸುವುದು ಹೇಗೆ?

ಪ್ರಶ್ನೆ: ಈ ಜೂನ್‌ನಲ್ಲಿ 3 ವರ್ಷ ತುಂಬಿದ 9 ಮಕ್ಕಳು ಹೊಸದಾಗಿ ಬಂದಿವೆ. ಮಗು ಆಟಿಕೆ ಕಡೆ ತಿರುಗಿದಾಗ ತಾಯಿ ಮೆಲ್ಲಗೆ ಜಾರಿಕೊಳ್ಳಲಿ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಹದಿನೈದು ದಿನ ಕಳೆದರೂ ಅಳು ನಿಂತಿಲ್ಲ. ಈಗ ಎರಡು ಮಕ್ಕಳು ಆಟಿಕೆ ಮುಟ್ಟುವುದನ್ನೇ ಬಿಟ್ಟಿವೆ.
— ಅಂಗನವಾಡಿ ಕಾರ್ಯಕರ್ತೆ, ಸಿಂದಗಿ ತಾಲ್ಲೂಕು

ಉತ್ತರ: ಆ ಎರಡು ಮಕ್ಕಳು ಲೆಕ್ಕ ಸರಿಯಾಗಿಯೇ ಹಾಕಿವೆ. ಆಟಿಕೆ ಕಡೆ ತಿರುಗಿದಾಗಲೆಲ್ಲ ಅವ್ವ ಮಾಯವಾಗುತ್ತಾಳೆ, ಹಾಗಾಗಿ ಆಟಿಕೆ ಮುಟ್ಟಬಾರದು, ಸೆರಗು ಬಿಡಬಾರದು. ಜಾರಿಕೊಳ್ಳುವುದನ್ನು ನಾಳೆಯಿಂದಲೇ ನಿಲ್ಲಿಸಿ. ಹೇಳಿ ಹೋದರೆ ಮೊದಲ ಕೆಲವು ದಿನ ಅಳು ಜೋರಾಗುತ್ತದೆ. ಅದಕ್ಕೆ ಹೆದರಿ ಹಳೆಯ ದಾರಿಗೆ ಮರಳಬೇಡಿ.

ಒಂಬತ್ತೂ ಮಕ್ಕಳನ್ನು ಒಂದೇ ದಿನ ತೆಗೆದುಕೊಂಡರೆ ಎರಡು ಮಡಿಲಿಗೆ ಒಂಬತ್ತು ಅಳು. ಮುಂದಿನ ವರ್ಷದಿಂದ ವಾರಕ್ಕೆ ಮೂವರಂತೆ ಕರೆಯಿರಿ. ಮೊದಲ ಎರಡು ದಿನ ತಾಯಿ ಒಂದು ತಾಸು ಒಳಗೇ ಇರಲಿ. ಗೋಡೆಗೆ ಒರಗಿ ಒಂದೇ ಜಾಗದಲ್ಲಿ ಕೂರಬೇಕು, ತಾನಾಗಿ ಆಟ ಆಡಿಸಬಾರದು. ಮಗು ಹೋಗಿ ಬಂದು ಮುಟ್ಟಿ ನೋಡುವ ಗೂಟ ಅವಳು. ಮೂರನೆಯ ದಿನ ಹೇಳಿ ಹೊರಗೆ ಹೋಗಿ 10 ನಿಮಿಷಕ್ಕೆ ಬರಲಿ. ನಾಲ್ಕನೆಯ ದಿನ ಅರ್ಧ ತಾಸು, ಆಮೇಲೆ ಊಟದವರೆಗೆ. ಎಂಟು ದಿನದಲ್ಲಿ ಬಹಳಷ್ಟು ಮಕ್ಕಳು ಪೂರ್ತಿ ಹೊತ್ತು ಕೂರುತ್ತವೆ.

ಹೋಗುವಾಗ ಹೇಳುವ ಮಾತು ದಿನವೂ ಅದೇ ಇರಲಿ, ಚಿಕ್ಕದಿರಲಿ. ಮೂರು ವರ್ಷದ ಮಗುವಿಗೆ ‘ಹನ್ನೆರಡು ಗಂಟೆ’ ತಿಳಿಯುವುದಿಲ್ಲ. ‘ಊಟಾ ಆಗಿ ಕೈ ತೊಳಕೊಂಡ ಮ್ಯಾಲೆ ಬರ್ತೀನಿ’ ತಿಳಿಯುತ್ತದೆ. ಹಾಗೆ ಹೇಳಿದ ದಿನ ಕೈ ತೊಳೆಯುವ ಹೊತ್ತಿಗೆ ಆಕೆ ಬಾಗಿಲಲ್ಲಿ ಇರಲೇಬೇಕು. ಮಗುವನ್ನು ಕೈಗೆ ತೆಗೆದುಕೊಳ್ಳುವವರು ಒಬ್ಬರೇ ಆಗಿರಲಿ, ನೀವು ಅಥವಾ ಸಹಾಯಕಿ. ಇಬ್ಬರ ನಡುವೆ ಮಗು ಚೆಂಡಿನಂತೆ ಓಡಾಡಬಾರದು. ಅವ್ವನ ಹಳೆಯ ಸೀರೆಯ ಒಂದು ಗೇಣು ತುಂಡನ್ನು, ಒಗೆಯದೆ, ಮಗುವಿನ ಚೀಲದಲ್ಲಿ ಇಡಿಸಿ. ಒಗೆದರೆ ವಾಸನೆ ಹೋಗುತ್ತದೆ, ಆ ತುಂಡಿನ ಕೆಲಸವೂ ಹೋಗುತ್ತದೆ.

ಬಿತ್ತಿಗೆ ಹಂಗಾಮಿನಲ್ಲಿ ಕೂಲಿ ಬಿಟ್ಟು ಬಂದು ಕೂರುವುದು ಎಲ್ಲ ತಾಯಂದಿರಿಗೂ ಆಗುವುದಿಲ್ಲ. ಅಜ್ಜಿಯೋ ದೊಡ್ಡವ್ವನೋ ಕೂತರೂ ಆಯಿತು. ಅದೂ ಆಗದಿದ್ದರೆ ಮೇ ಕೊನೆಯ ವಾರ ಸಂಜೆ ಹೊತ್ತು ಮಗುವನ್ನು ಎರಡು ಮೂರು ಸಲ ಕರೆತಂದು ಖಾಲಿ ಕೋಣೆ ತೋರಿಸಲಿ. ನಳ ಎಲ್ಲಿ, ಪಾಯಖಾನೆ ಎಲ್ಲಿ, ಚೀಲ ಎಲ್ಲಿ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕಿಟಕಿಯಲ್ಲಿ. ಹೋದ ತಾಯಿ ಮತ್ತೆ ಇಣುಕುತ್ತಾಳೆ, ಮಗು ನೋಡುತ್ತದೆ, ಎಲ್ಲ ಮೊದಲಿನಿಂದ. ಅಳು ನಿಲ್ಲಿಸಲು ಚಾಕಲೇಟ್ ಕೊಟ್ಟರೆ ಮಾರನೆಯ ದಿನ ಚಾಕಲೇಟಿಗಾಗಿ ಅಳು. ಸೋಮವಾರ, ಪಂಚಮಿ ರಜೆಯ ಮರುದಿನ ಅಳು ಮರುಕಳಿಸುವುದು ಸಹಜ, ಬೇಗ ಇಳಿಯುತ್ತದೆ. ನಾಲ್ಕು ವಾರ ತಪ್ಪದೆ ಬಂದ ಮೇಲೂ ಮಗು ದಿನದ ಬಹುಪಾಲು ಅಳುತ್ತಿದ್ದರೆ, ಉಣ್ಣದಿದ್ದರೆ, ಮೂತ್ರ ಕಟ್ಟಿಕೊಂಡು ಕೂತರೆ ಮನೆಯವರೊಡನೆ ಕೂತು ಮಾತನಾಡಿ. ಕಿವಿ ಕೇಳಿಸುತ್ತದೆಯೇ ಎಂದೂ ತೋರಿಸಿ.

ಪ್ರಶ್ನೆ: ನಮ್ಮ ಯುಕೆಜಿ ಕೋಣೆಯಲ್ಲಿ 30 ಮಕ್ಕಳು. ಗೋಡೆ ತುಂಬ ಬಣ್ಣದ ಚಾರ್ಟ್ ಹಚ್ಚಿದ್ದೇವೆ, ಬಾಗಿಲಿಗೆ ತೋರಣ ಕಟ್ಟಿದ್ದೇವೆ. ಮಕ್ಕಳು ಅವುಗಳ ಕಡೆ ನೋಡುವುದೂ ಇಲ್ಲ. ಕೋಣೆ ತಮ್ಮದು ಅನ್ನಿಸಲು ಇನ್ನೇನು ಮಾಡಬೇಕು?
— ಶಿಕ್ಷಕಿ, ಗುಳೇದಗುಡ್ಡ

ಉತ್ತರ: ಅರ್ಧ ಚಾರ್ಟ್ ತೆಗೆಯುವುದರಿಂದ ಶುರು ಮಾಡಿ. ಅಂಗಡಿಯಿಂದ ತಂದ ಸೇಬು, ಸಿಂಹ, ಹಡಗಿನಲ್ಲಿ ಆ ಮಕ್ಕಳ ಪಾಲು ಏನೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕೊಠಡಿಗಳನ್ನು ನೋಡಿ: ಗೋಡೆಯ ಕೆಳಭಾಗದ ಕಪ್ಪು ಹಲಗೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಪಾಲು, ತಲೆಯ ಮೇಲಿನ ದಾರದ ಚಪ್ಪರದಲ್ಲಿ ಮಕ್ಕಳೇ ಮಾಡಿದ ಚಿತ್ರಗಳು. ಆ ಉಪಾಯ ಯಾವ ಕೋಣೆಗೂ ಒಗ್ಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಹಾಜರಿ. ‘ನಾನು ಬರದಿದ್ದರೆ ಇಲ್ಲಿ ಯಾರಿಗಾದರೂ ಗೊತ್ತಾಗುತ್ತದೆಯೇ’ ಎಂಬುದರ ಮೇಲೆ ಮಗುವಿನ ನಂಟು ನಿಂತಿದೆ. ನೀವು ಪುಸ್ತಕ ನೋಡಿ ಹೆಸರು ಕರೆದರೆ ಅದು ನಿಮಗೆ ಮಾತ್ರ ಗೊತ್ತಾಗುತ್ತದೆ. ರಟ್ಟಿನಲ್ಲಿ 4×6 ಇಂಚಿನ ಚೀಟಿ ಮಾಡಿ, ಮೇಲೆ ಹೆಸರು, ಪಕ್ಕದಲ್ಲಿ ಮಗುವೇ ಆರಿಸಿದ ಗುರುತು: ಗಾಳಿಪಟ, ಬಂಡಿ, ಜೋಳದ ತೆನೆ, ಏನಾದರೂ. ಗುರುತನ್ನು ನೀವು ಹಂಚಬೇಡಿ. ನೇಕಾರರ ಹುಡುಗನಿಗೆ ಮಗ್ಗ, ಕುರುಬರ ಹುಡುಗಿಗೆ ಕುರಿ ಎಂದು ಕೈ ತಾನಾಗಿ ಹೋಗಿಬಿಡುತ್ತದೆ. ಒಂದು ಹಲಗೆಯ ಎಡಕ್ಕೆ ಮನೆಯ ಚಿತ್ರ, ಬಲಕ್ಕೆ ಶಾಲೆಯ ಚಿತ್ರ, ಎರಡೂ ಕಡೆ 30 ಮೊಳೆ. ನೆಲದಿಂದ ಎರಡೂವರೆ ಅಡಿಯಿಂದ ಮೂರೂವರೆ ಅಡಿಯೊಳಗೆ ಎಲ್ಲ ಮೊಳೆಯೂ ಬರಬೇಕು, ಇಲ್ಲದಿದ್ದರೆ ದೊಡ್ಡವರೇ ಚೀಟಿ ಹಾಕುವಂತಾಗುತ್ತದೆ. ಬಂದ ಮಗು ತನ್ನ ಚೀಟಿಯನ್ನು ಮನೆಯಿಂದ ಶಾಲೆಗೆ ದಾಟಿಸುತ್ತದೆ. ಎಲ್ಲರೂ ಸುತ್ತು ಕೂತಾಗ ಒಂದು ಮಗು ಎದ್ದು ಕೇಳಲಿ: ‘ಇವತ್ತ ಯಾರು ಬಂದಿಲ್ಲ?’ ಮನೆಯ ಕಡೆ ಉಳಿದ ಚೀಟಿಯನ್ನು ಓದಿ, ಯಾರಿಗಾದರೂ ಕಾರಣ ಗೊತ್ತೇ ಎಂದು ಕೇಳಿ. ಮರುದಿನ ಆ ಮಗು ಬಂದಾಗ ‘ನಿನ್ನೆ ಯಾಕ ತಪ್ಪಿಸಿದಿ’ ಎಂಬ ಮಾತು ಬೇಡ. ‘ನಿನ್ನೆ ಗಿಡಕ್ಕ ನೀರ ಹಾಕೂದು ನಿನ್ನ ಪಾಳಿ ಇತ್ತು, ಇವತ್ತ ಹಾಕು’ ಎಂದರೆ ಸಾಕು. ಇಡೀ ಕೆಲಸಕ್ಕೆ ಐದು ನಿಮಿಷ. ನಾಲ್ಕನೆಯ ವಾರದಲ್ಲಿ ಬೇಸರ ಬಂದು ನಿಲ್ಲಿಸುವವರೇ ಹೆಚ್ಚು, ಮಕ್ಕಳು ಹೆಸರು ಓದಲು ತೊಡಗುವುದೂ ಸರಿಯಾಗಿ ಆಗಲೇ.

ಇನ್ನು ಕೌದಿ, ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆ. ಈ ಸೀಮೆಯ ಪ್ರತಿ ಮನೆಯಲ್ಲೂ ಕೌದಿ ಇದೆ, ಹೊಲಿಯಲು ಬಲ್ಲ ಅಜ್ಜಿ ಓಣಿಗೊಬ್ಬರಾದರೂ ಇದ್ದಾರೆ. ಪ್ರತಿ ಮನೆಯಿಂದ ಒಂದು ಹಳೆಯ ಬಟ್ಟೆಯ ತುಂಡು ತರಿಸಿ 9 ಇಂಚಿನ ಚೌಕ ಕತ್ತರಿಸಿ. ನಾಲ್ಕೂ ಅಂಚಿನಲ್ಲಿ ಅರ್ಧ ಇಂಚು ಒಳಗೆ ಮಡಚಿದರೆ 8 ಇಂಚು ಉಳಿಯುತ್ತದೆ. 30 ತುಂಡನ್ನು ಐದರಂತೆ ಆರು ಸಾಲು ಜೋಡಿಸಿದರೆ 40×48 ಇಂಚು. ಆದರೆ ಐದಾರು ಚೌಕ ಹೆಚ್ಚಿಗೆ ಬೇಕು, ಹಳೆಯ ಧೋತರದ ಬಿಳಿ ತುಂಡು ಖಾಲಿ ಇರಲಿ. ವರ್ಷದ ನಡುವೆ ಬರುವ ಮಗುವಿನ ಬಟ್ಟೆ ಅದರ ಮೇಲೆ ಕೂರುತ್ತದೆ. ಒಂದು ಸಾಲು ಜಾಸ್ತಿ ಮಾಡಿದರೆ 40×56 ಇಂಚು ಆಗಿ ಐದು ಚೌಕ ಸಿಗುತ್ತವೆ. ತಳಕ್ಕೆ ಮೆತ್ತನೆಯ ಹಳೆಯ ಸೀರೆ ಮೂರು ಪದರ, ಮೇಲೆ ಎರಡು ಬೆರಳಿನ ಅಂತರದಲ್ಲಿ ಸಾಲು ಹೊಲಿಗೆ. ಹತ್ತಿಯ ಬಟ್ಟೆಗೆ ಜೀನ್ಸ್ ತುಂಡು ಸೇರಿಸಿದರೆ ಸುಕ್ಕು ಬೀಳುತ್ತದೆ, ಒಗೆದ ಮೇಲೆ ಹೊಲಿಗೆ ಹರಿಯುತ್ತದೆ. ನಿಮ್ಮೂರಿನ ಖಣದ (ಕುಪ್ಪಸದ ಬಟ್ಟೆ) ತುಂಡು ಬಂದೇ ಬರುತ್ತದೆ. ಅದರ ಎಳೆ ಬಿಚ್ಚಿಕೊಳ್ಳುವುದರಿಂದ ಅಂಚನ್ನು ಎರಡು ಸಲ ಮಡಚಿ, ಅದನ್ನು ಮಾತ್ರ 10 ಇಂಚಿಗೆ ಕತ್ತರಿಸಿಕೊಳ್ಳಿ.

ಮಕ್ಕಳಿಗೆ ಸೂಜಿ ಕೊಡಬೇಡಿ. ಐದು ವರ್ಷದವರಿಗೆ ರಟ್ಟಿಗೆ ತೂತು ಹಾಕಿ, ಮೊಂಡ ತುದಿಯ ದಬ್ಬಣ, ಉಲ್ಲನ್ ದಾರ ಕೊಟ್ಟರೆ ಅದೇ ಅವರ ಹೊಲಿಗೆ. ಕೌದಿಯನ್ನು ಅಜ್ಜಿಯರು ತರಗತಿಯಲ್ಲೇ ಕೂತು ಹೊಲಿಯಲಿ, ಮಕ್ಕಳು ಸುತ್ತ ಇರಲಿ. ಯಾರ ತುಂಡು ಯಾರ ಪಕ್ಕ ಎಂಬುದನ್ನು ಮಕ್ಕಳೇ ನೆಲದ ಮೇಲೆ ಹಾಸಿ ತೀರ್ಮಾನಿಸಲಿ. ಒಂದು ದಿನ ಹಿಡಿಯುತ್ತದೆ, ಜಗಳವೂ ಆಗುತ್ತದೆ, ಆಗಲಿ.

ಇಲ್ಲಿ ಎಡವುವುದು ಎರಡು ಕಡೆ. ಬಣ್ಣ ಹೊಂದುವುದಿಲ್ಲವೆಂದು ಅಂಗಡಿಯಿಂದ ಹೊಸ ಬಟ್ಟೆ ತಂದರೆ ಅದು ಯಾರದೂ ಅಲ್ಲದ ಕೌದಿ. ಇನ್ನು ಹೊಲಿದ ಮೇಲೆ ಚೆಂದ ಕಾಣಲೆಂದು ಗೋಡೆಗೆ ನೇತು ಹಾಕಿದರೆ ಮತ್ತೊಂದು ಚಾರ್ಟ್ ಆಯಿತಷ್ಟೆ. ಕತೆ ಕೇಳುವಾಗ ಹಾಸಿ, ಜ್ವರ ಬಂದ ಮಗುವಿಗೆ ಹೊದಿಸಿ, ತಿಂಗಳಿಗೊಮ್ಮೆ ಒಗೆಯಿರಿ. ಬಟ್ಟೆ ತರದ ಮಗು ಒಂದೆರಡು ಇದ್ದೇ ಇರುತ್ತದೆ. ‘ನಿನ್ನದು ಎಲ್ಲಿ’ ಎಂದು ಎಲ್ಲರೆದುರು ಕೇಳಬೇಡಿ. ನಿಮ್ಮ ಬಳಿ ಹತ್ತು ತುಂಡು ಇಟ್ಟುಕೊಂಡು ಒಂದನ್ನು ಆರಿಸಲು ಕೊಡಿ. ಒಂದು ರಾತ್ರಿ ಮನೆಗೆ ಒಯ್ದು ಅವ್ವನ ಕೈಯಿಂದ ಮಡಚಿಸಿ ತರಲಿ.

ಪ್ರಶ್ನೆ: ಒಳ್ಳೆಯ ಮಕ್ಕಳಿಗೆ ನಕ್ಷತ್ರ ಹಚ್ಚುವ ಪಟ್ಟಿ ಮಾಡಿದ್ದೇವೆ. ಪಾಲಕರಿಗೂ ಖುಷಿ. ಮುಂದುವರಿಸಬಹುದೇ?
— ಎಲ್‌ಕೆಜಿ ಶಿಕ್ಷಕಿ, ಚಿಕ್ಕೋಡಿ

ಉತ್ತರ: ಬೇಡ. ಎರಡು ವಾರದಲ್ಲಿ ಯಾರಿಗೆ ನಕ್ಷತ್ರ ಬರುವುದಿಲ್ಲ ಎಂಬುದು ಇಡೀ ತರಗತಿಗೆ ಬಾಯಿಪಾಠವಾಗುತ್ತದೆ. ಅದರ ಜಾಗದಲ್ಲಿ ಕೆಲಸದ ಪಟ್ಟಿ ಹಾಕಿ: ಚಾಪೆ ಹಾಸುವುದು, ಗಿಡಕ್ಕೆ ನೀರು, ಲೋಟ ಎಣಿಸುವುದು, ಹಕ್ಕಿಗೆ ಕಾಳು, ಚಪ್ಪಲಿ ಸಾಲು ಮಾಡುವುದು. ವಾರಕ್ಕೊಮ್ಮೆ ಪಾಳಿ ಬದಲಾಗಲಿ. ಕಾಯಂ ‘ಲೀಡರ್’ ಹುದ್ದೆಯನ್ನೂ ಜೊತೆಗೇ ತೆಗೆದುಬಿಡಿ.

ಪ್ರಶ್ನೆ: ನಮ್ಮಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಲಂಬಾಣಿ ತಾಂಡಾದಿಂದ ಬಂದ ಒಬ್ಬ ಹುಡುಗಿ ಎರಡು ತಿಂಗಳಿಂದ ಬಾಯಿಯೇ ಬಿಟ್ಟಿಲ್ಲ. ಆಟದಲ್ಲೂ ಭಾಷೆಗೊಂದು ಗುಂಪು. ಕನ್ನಡದಲ್ಲೇ ಮಾತನಾಡಿ ಎಂದು ಹೇಳುತ್ತಾ ಬಂದಿದ್ದೇನೆ, ತಪ್ಪೇ?
— ಒಂದನೇ ತರಗತಿ ಶಿಕ್ಷಕರು, ಬೆಳಗಾವಿ ಹತ್ತಿರದ ಹಳ್ಳಿ

ಉತ್ತರ: ಕನ್ನಡವನ್ನು ನೀವು ಮಾತನಾಡಿ, ಧಾರಾಳವಾಗಿ. ಆದರೆ ಮನೆಮಾತನ್ನು ತಡೆಯಬೇಡಿ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರದಿಂದ ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳುವುದು ಸಾಮಾನ್ಯ. ಆ ಹುಡುಗಿ ಹೇಳಿದ್ದನ್ನು ತಿಳಿದು ಮಾಡುತ್ತಾಳೆಯೇ, ಕೈಸನ್ನೆ ಮಾಡುತ್ತಾಳೆಯೇ, ಮನೆಯಲ್ಲಿ ತನ್ನ ಮಾತಿನಲ್ಲಿ ಹರಟುತ್ತಾಳೆಯೇ ವಿಚಾರಿಸಿ. ಮೂರೂ ಹೌದಾದರೆ ಕಾಯಿರಿ. ಎದ್ದು ನಿಲ್ಲಿಸಿ ‘ಹೇಳು, ಹೇಳು’ ಎಂದರೆ ಬಾಯಿ ಇನ್ನೂ ಬಿಗಿಯುತ್ತದೆ. ಮನೆಯಲ್ಲೂ ಮಾತಿಲ್ಲವೆಂದರೆ ವೈದ್ಯರಿಗೆ ತೋರಿಸಬೇಕು.

ಹೆದರಿದ ಮಗುವಿಗೆ ಬೇಕಾಗುವ ಹತ್ತು ಮಾತನ್ನು ನೀವೇ ಎಲ್ಲ ಭಾಷೆಯಲ್ಲೂ ಕಲಿಯಿರಿ: ನೀರು, ಊಟ, ಪಾಯಖಾನೆ, ನೋವು, ಬಾ, ಕೂಡು, ಸಾಕು, ಇನ್ನೂ ಬೇಕು, ಅವ್ವ ಬರುತ್ತಾಳೆ, ಅಳಬೇಡ. ಕನ್ನಡದ ಅವ್ವ ಮರಾಠಿಯಲ್ಲಿ ಆಯಿ, ಉರ್ದುವಿನಲ್ಲಿ ಅಮ್ಮಿ, ಲಂಬಾಣಿಯಲ್ಲಿ ಯಾಡಿ. ಈ ಮಾತುಗಳನ್ನು ಮಕ್ಕಳಿಂದಲೇ ಕೇಳಿ ಕನ್ನಡ ಲಿಪಿಯಲ್ಲಿ ಬರೆದು ತೂಗುಹಾಕಿ. ನೀವು ತಪ್ಪು ಉಚ್ಚರಿಸಿದಾಗ ಮಗು ನಕ್ಕು ತಿದ್ದುತ್ತದೆ. ಎಷ್ಟೋ ಸಲ ಬಾಯಿ ಬಿಡುವುದು ಹಾಗೆಯೇ. ಹೆಸರಿನಲ್ಲೂ ಇದೇ ಎಚ್ಚರ ಬೇಕು. ಹಾಜರಿ ಪುಸ್ತಕದ ಹೆಸರಿಗೆ ತಿರುಗಿ ನೋಡದ ಮಗು ಮನೆಯಲ್ಲಿ ಕರೆಯುವ ಹೆಸರಿಗೆ ಓಡಿ ಬರಬಹುದು. ಮೊದಲ ವಾರವೇ ತಾಯಿಯನ್ನು ಕೇಳಿ ಬರೆದಿಡಿ.

ಎರಡೂ ಭಾಷೆ ಬಲ್ಲ ಜಾಣ ಹುಡುಗನನ್ನು ದಿನವಿಡೀ ದುಭಾಷಿ ಮಾಡಿಕೊಳ್ಳಬೇಡಿ. ಅವನೂ ಆರು ವರ್ಷದವನೇ.

ಗುಂಪು ಒಡೆಯಲು ‘ಎಲ್ಲರೂ ಕೂಡಿ ಆಡ್ರಿ’ ಎಂದು ಹೇಳಿ ಫಲವಿಲ್ಲ. ಇಬ್ಬರು ಸೇರದೆ ಮುಗಿಯದ ಕೆಲಸ ಕೊಡಬೇಕು. ಮಣ್ಣೆತ್ತಿನ ಅಮಾವಾಸ್ಯೆ ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಬರುವುದರಿಂದ ಅನುಕೂಲ. ಜೋಡಿಗೆ ಒಂದು ಮರಾಠಿ ಮಗು, ಒಂದು ಕನ್ನಡ ಮಗು. ಒಬ್ಬರದು ಎಡಗಡೆ ಎತ್ತು, ಇನ್ನೊಬ್ಬರದು ಬಲಗಡೆಯದು. ಎರಡೂ ಒಂದೇ ಎತ್ತರ ಆಗಬೇಕು, ಇಲ್ಲದಿದ್ದರೆ ನೊಗ ಕೂರುವುದಿಲ್ಲ. ಅಳತೆ ನೋಡಲು ಭಾಷೆ ಬೇಕಿಲ್ಲ, ಆದರೂ ಮಾತು ಬರುತ್ತದೆ. ಒಂದು ಮಗುವಿಗೆ 150–200 ಗ್ರಾಂ ಮಣ್ಣಿನಂತೆ 30 ಮಕ್ಕಳಿಗೆ 6 ಕೆ.ಜಿ. ಸಾಕು. ಬರೀ ಎರೆಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮರುದಿನ ಕಾಲು ಮುರಿದ ಎತ್ತು ನೋಡಿ ಅಳು. ಕುಂಬಾರರ ಮಣ್ಣು ತನ್ನಿ, ಸಿಗದಿದ್ದರೆ ಎರೆಮಣ್ಣಿಗೆ ಮೂರನೆಯ ಒಂದು ಪಾಲು ಸಣ್ಣ ಮರಳು ಬೆರೆಸಿ, ಕಾಲು ಗಿಡ್ಡ, ದಪ್ಪ ಇರಲಿ. ನೆರಳಲ್ಲಿ ಎರಡು ದಿನ ಒಣಗಿಸಿ. ತರಗತಿಯಲ್ಲಿ ಇದು ಮಣ್ಣಿನ ಕೆಲಸವಾಗಿಯೇ ಇರಲಿ. ಪೂಜೆ ಮನೆಯವರಿಗೆ ಬಿಟ್ಟದ್ದು. ಆಗ ಯಾವ ಮಗುವೂ ಹೊರಗುಳಿಯುವುದಿಲ್ಲ.

ಪ್ರಶ್ನೆ: ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು ಹಂಗಾಮಿನಲ್ಲಿ ನಾಲ್ಕೈದು ತಿಂಗಳು ನಮ್ಮ ಕೇಂದ್ರಕ್ಕೆ ಬರುತ್ತವೆ. ಊರಿನ ಮಕ್ಕಳು ಅವರ ಪಕ್ಕ ಕೂರುವುದಿಲ್ಲ. ಕೆಲವು ತಾಯಂದಿರು ‘ನಮ್ಮ ಕೂಸಿನ ಲೋಟ ಬ್ಯಾರೆ ಇಡ್ರಿ’ ಎನ್ನುತ್ತಾರೆ. ಹೇಗೂ ಹೋಗುವ ಮಕ್ಕಳು, ಅಷ್ಟು ದಿನಕ್ಕೆ ಏನು ಮಾಡುವುದು?
— ಅಂಗನವಾಡಿ ಕಾರ್ಯಕರ್ತೆ, ಮುಧೋಳ ತಾಲ್ಲೂಕು

ಉತ್ತರ: ನಾಲ್ಕು ವರ್ಷದ ಮಗುವಿಗೆ ನಾಲ್ಕು ತಿಂಗಳು ಬಹಳ ದೊಡ್ಡದು. ಗ್ಯಾಂಗ್ ಬರುವ ಮುನ್ನವೇ ಐದಾರು ಚೀಟಿ, ಮೊಳೆ, ಕೌದಿಯ ಖಾಲಿ ಚೌಕ ಸಿದ್ಧವಿರಲಿ. ಬಂದ ಮೊದಲ ದಿನವೇ ಗುರುತು ಆರಿಸಿ ಹಲಗೆಗೆ ಹಾಕಲಿ. ಊರಿನ ಒಂದು ಮಗುವನ್ನು ಮೂರು ದಿನದ ಮಟ್ಟಿಗೆ ಜೊತೆಗಾರ ಮಾಡಿ, ನಳ, ಪಾಯಖಾನೆ, ಆಟಿಕೆ ತೋರಿಸುವ ಕೆಲಸ ಅದರದು. ಮೂರು ದಿನಕ್ಕಿಂತ ಹೆಚ್ಚು ಬೇಡ, ಜೊತೆಗಾರ ಯಜಮಾನನಾಗಿಬಿಡುತ್ತಾನೆ. ಎರಡನೆಯ ವಾರದಿಂದ ಹೊಸ ಮಗುವಿಗೂ ಪಾಳಿಯ ಕೆಲಸ ಕೊಡಿ, ಅದರಲ್ಲೂ ಊಟದ ಹೊತ್ತಿನದು: ತಟ್ಟೆ ಹಂಚುವುದು, ಲೋಟ ಎಣಿಸುವುದು.

ಲೋಟದ ಮಾತಿಗೆ ಒಂದೇ ಉತ್ತರ: ಎಲ್ಲ ಲೋಟವೂ ಕೇಂದ್ರದ್ದು, ಒಂದೇ ಬಗೆಯದು, ಎಲ್ಲರೆದುರು ತೊಳೆದದ್ದು. ಸ್ವಚ್ಛತೆಯ ಚಿಂತೆ ನಿಜವಾದದ್ದಾದರೆ ಅಲ್ಲಿಗೆ ತೀರುತ್ತದೆ. ತೀರದಿದ್ದರೆ ಅದು ಜಾತಿಯ ಮಾತು, ಅದಕ್ಕೆ ಕೇಂದ್ರದಲ್ಲಿ ಜಾಗವಿಲ್ಲ ಎಂದು ಸಮಾಧಾನದಿಂದ, ಸ್ಪಷ್ಟವಾಗಿ ಹೇಳಿ. ಸಾಧ್ಯವಾದರೆ ಮೇಲ್ವಿಚಾರಕಿಯನ್ನು ತಾಯಂದಿರ ಸಭೆಗೆ ಕರೆದು ಅವರ ಎದುರಿಗೇ ಹೇಳಿ. ಊಟದ ಪಂಕ್ತಿಯಲ್ಲಿ ಓಣಿವಾರು ಕೂರುವುದನ್ನು ತಪ್ಪಿಸಲು ಬಣ್ಣದ ಚೀಟಿ ಎತ್ತಿಸಿ, ಯಾವ ಬಣ್ಣ ಬಂತೋ ಆ ಚಾಪೆ.

ದಾಖಲೆ ಇಲ್ಲವೆಂದು ಹಿಂದೆ ಕಳಿಸಬೇಡಿ. ಅಂಗನವಾಡಿ ದಾಖಲೆಯ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಕುಟುಂಬವನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಿಸುವ ಸೌಲಭ್ಯವಿದೆ. 6 ವರ್ಷ ದಾಟಿದ ಅಣ್ಣ-ಅಕ್ಕಂದಿರನ್ನು ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಮಕ್ಕಳು ಜೋಪಡಿ ಬಿಟ್ಟು ಬರುತ್ತಲೇ ಇಲ್ಲವೆಂದರೆ ವಾರಕ್ಕೆ ಒಂದು ದಿನ ಕತೆ-ಹಾಡಿನ ತಾಸನ್ನು ಅಲ್ಲಿಗೇ ಒಯ್ಯಿರಿ. ಅಂಗನವಾಡಿ ಎಂಬ ಹೆಸರು ಹುಟ್ಟಿದ್ದೂ ಹೀಗೆಯೇ: ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರು ಮಹಾರಾಷ್ಟ್ರದ ಬೋರ್ಡಿ ಸೀಮೆಯಲ್ಲಿ ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದಿದ್ದರು.

ಗ್ಯಾಂಗ್ ಹೊರಡುವ ದಿನ ಮೊದಲೇ ಕೇಳಿಟ್ಟುಕೊಂಡು, ಹಿಂದಿನ ದಿನ ಎಲ್ಲರೂ ಕೂಡಿ ಬೀಳ್ಕೊಡಿ. ಚೀಟಿಯನ್ನು ಕಿತ್ತು ಹಾಕಬೇಡಿ, ‘ಊರಿಗೆ ಹೋಗ್ಯಾರ’ ಎಂಬ ಮೂರನೆಯ ಮನೆಯನ್ನು ಹಲಗೆಯ ಮೇಲೆ ಬರೆದು ಅಲ್ಲಿ ತೂಗುಹಾಕಿ. ಕೌದಿಯ ತುಂಡು ಅಲ್ಲಿಯೇ ಇರುತ್ತದೆ. ಗೋವಾ, ಪುಣೆ ಕಡೆ ದುಡಿಯಲು ಹೋಗುವ ನಿಮ್ಮೂರಿನ ಮಕ್ಕಳಿಗೂ ಇದೇ ಕ್ರಮ.

ಪ್ರಶ್ನೆ: ನಾಲ್ಕು ವರ್ಷದ ಒಬ್ಬ ಹುಡುಗ ಹೊಡೆಯುತ್ತಾನೆ, ತಳ್ಳುತ್ತಾನೆ. ಈಗ ಯಾರೂ ಅವನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ.
— ಶಿಕ್ಷಕಿ, ಬಸವನಬಾಗೇವಾಡಿ

ಉತ್ತರ: ಐದು ದಿನ ಬರೆದಿಡಿ: ಎಷ್ಟು ಗಂಟೆ, ಹೊಡೆಯುವ ಮುಂಚೆ ಏನಾಯಿತು, ಪಕ್ಕದಲ್ಲಿ ಯಾರಿದ್ದರು. ಬಹಳ ಸಲ ಒಂದೇ ಹೊತ್ತು ಕಾಣುತ್ತದೆ, ಊಟಕ್ಕೆ ಮುಂಚೆ ಕೈ ತೊಳೆಯುವ ಸಾಲು. 25 ಮಕ್ಕಳು, ಒಂದು ನಳ, ಬೆಳಿಗ್ಗೆ ಬರೀ ಚಹಾ ಕುಡಿದು ಬಂದ ಹೊಟ್ಟೆ. ಸಾಲನ್ನು ಐದೈದು ಮಾಡಿ, ಅವನನ್ನು ಮೊದಲ ಐವರಲ್ಲಿ ಕಳಿಸಿದರೆ ಅರ್ಧ ಜಗಳ ನಿಲ್ಲುತ್ತದೆ. ಇನ್ನರ್ಧ ಆಟಿಕೆಯದು. ಚೆಂದದ ಒಂದು ಟ್ರ್ಯಾಕ್ಟರ್‌ಗಿಂತ ಸಾದಾ ಮೂರು ಟ್ರ್ಯಾಕ್ಟರ್ ಲೇಸು.

ಹೊಡೆದಾಗ ಮೊದಲು ಪೆಟ್ಟು ತಿಂದ ಮಗುವಿನ ಹತ್ತಿರ ಹೋಗಿ. ಇವನಿಗೆ ‘ಕ್ಷಮಿಸು ಅನ್ನು’ ಎಂದು ಬಾಯಿಪಾಠ ಮಾಡಿಸಬೇಡಿ, ಒದ್ದೆ ಬಟ್ಟೆ ತಂದುಕೊಡಲು ಹೇಳಿ. ಜಗಳವಿಲ್ಲದ ಹೊತ್ತಿನಲ್ಲಿ ‘ಬಿಡು’, ‘ನನ್ನ ಪಾಳಿ’, ‘ನನಗ ಸಿಟ್ಟ ಬಂದದ’ ಎಂಬ ಮಾತುಗಳನ್ನು ಗೊಂಬೆ ಹಿಡಿದು ಆಡಿಸಿ. ಆಟಕ್ಕೆ ಸೇರುವ ಬಗೆಯನ್ನೂ ಕಲಿಸಬೇಕಾಗುತ್ತದೆ. ‘ನನ್ನೂ ಆಡಸ್ಕೋತೀರಿ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ನೋಡಿ, ಅವರು ಮನೆ ಕಟ್ಟುತ್ತಿದ್ದರೆ ‘ನಾ ಕಲ್ಲ ತರ್ಲೇನು?’ ಎಂದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ಮೊದಲ ಕೆಲವು ಸಲ ನೀವೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಈ ಮಾತನ್ನು ಕಿವಿಯಲ್ಲಿ ಹೇಳಿಕೊಡಿ. ದೂರು ತರುವ ಪಾಲಕರೆದುರು ಅವನ ಹೆಸರು ಎತ್ತಬೇಡಿ. ‘ಅಂವ ಹಂಗs’ ಎಂಬ ಮಾತನ್ನು ಮಕ್ಕಳು ಕಲಿಯುವುದು ದೊಡ್ಡವರಿಂದಲೇ.

ಪ್ರಶ್ನೆ: ಕಾಲಿನ ತೊಂದರೆಯಿರುವ ಹುಡುಗಿಯನ್ನು ಆಟದ ಹೊತ್ತಿನಲ್ಲಿ ‘ಅಂಪೈರ್’ ಮಾಡಿ ಕೂರಿಸುತ್ತೇವೆ. ಅವಳಿಗೆ ಅದು ಇಷ್ಟವಿಲ್ಲ ಅನ್ನಿಸುತ್ತದೆ.
— ನಲಿ-ಕಲಿ ಶಿಕ್ಷಕಿ, ಹುನಗುಂದ ತಾಲ್ಲೂಕು

ಉತ್ತರ: ನಿಮಗೆ ಅನ್ನಿಸಿದ್ದು ಸರಿ. ಅವಳಿಗಾಗಿ ಬೇರೆ ಆಟ ಹುಡುಕುವ ಬದಲು ಇದ್ದ ಆಟವನ್ನೇ ಎಲ್ಲರಿಗೂ ಕೂತು ಆಡುವಂತೆ ಮಾಡಿ. ‘ಕೆರೆ–ದಡ’ ಕೈಯಲ್ಲೂ ಆಗುತ್ತದೆ: ಪ್ರತಿ ಮಗುವಿನ ಮುಂದೆ ಸುಣ್ಣದ ಗೆರೆ, ‘ಕೆರೆ’ ಎಂದಾಗ ಅಂಗೈ ಗೆರೆಯಾಚೆ, ‘ದಡ’ ಎಂದಾಗ ಈಚೆ. ಚೆಂಡು ದಾಟಿಸುವ ಆಟವನ್ನು ಕಾಲು ಚಾಚಿ ಸುತ್ತು ಕೂತು, ಉರುಳಿಸಿ ಆಡಿ. ಕಲ್ಲಾಟವಂತೂ ಕೂತೇ ಆಡುವಂಥದ್ದು, ಅದರಲ್ಲಿ ಅವಳೇ ಗೆಲ್ಲಬಹುದು. ಓಡುವ ಆಟ ಇದ್ದ ದಿನ ಅವಳಿಗೆ ಏನು ಬೇಕೆಂದು ಅವಳನ್ನೇ ಕೇಳಿ. ಶಾಲೆಯ ಗಾಲಿಕುರ್ಚಿ ಇದ್ದರೆ ತಳ್ಳುವ ಮಗುವನ್ನು ಅವಳೇ ಆರಿಸಲಿ, ನೆಲ ಮೊದಲೇ ನೋಡಿ ಕಲ್ಲು ಆಯ್ದು ತೆಗೆಸಿ. ಇಳಿಜಾರಿನಲ್ಲಿ ಮಾತ್ರ ದೊಡ್ಡವರೇ ಹಿಡಿಯಬೇಕು.